ನೋಂದಣಿಯ 'ಸಂಪೂರ್ಣತೆ'ಗೆ ಬೇರೆ ಪದ ಇದ್ಯಾ? (ಅರ್ಜೆಂಟ್)

ಎಲ್ಲರಿಗೂ ನಮಸ್ಕಾರ. ಆಶಾ ಕಾರ್ಯಕರ್ತೆಯರಿಗೋಸ್ಕರ ಒಂದು ಗೋಡೆ ಬೋರ್ಡಿನ ಅನುವಾದ ಮಾಡ್ತಿದೀನಿ, ಪೇಂಟರ್ ನಾಳೆ ಬೆಳಿಗ್ಗೆನೇ ಬರ್ತಾನೆ. ಹುಟ್ಟಿದ ಮಕ್ಕಳಲ್ಲಿ, ವರ್ಷ ತುಂಬೋದ್ರೊಳಗೆ ತೀರಿಕೊಂಡ ಕೂಸುಗಳಲ್ಲಿ ನೂರಕ್ಕೆ ಎಷ್ಟು ರಿಜಿಸ್ಟರಿಗೆ ಹತ್ತಿವೆ ಅನ್ನೋದಕ್ಕೆ ಇಂಗ್ಲಿಷಲ್ಲಿ ಕಂಪ್ಲೀಟ್‌ನೆಸ್ ಅಂತಾರೆ. 'ನೋಂದಣಿಯ ಸಂಪೂರ್ಣತೆ' ಅಂತ ಹಾಕಿದ್ದೆ, ಒಬ್ಬ ಆಶಾ ಅಕ್ಕ ಓದಿ "ಫಾರಂನಲ್ಲಿ ಯಾವ ಕಾಲಮ್ಮೂ ಖಾಲಿ ಬಿಡಬಾರ್ದು ಅಂತಾನಾ ಸಾರ್?" ಅಂದ್ರು. ಇನ್ನೊಂದು, ಹುಟ್ಟಿ ಗಂಟೆಯೊಳಗೆ ಹೋದ ಮಗೂನ ಮನೆಯವರು "ಸತ್ತೇ ಹುಟ್ತು" ಅಂದ್ಬಿಡ್ತಾರೆ, ಅದು ಶಿಶು ಮರಣಾನೋ ನಿರ್ಜೀವ ಜನನಾನೋ?

——

ಸಂಪೂರ್ಣತೆ ಹಾಗಿರಲಿ, ಮೊದಲು 'ನೋಂದಣಿ' ಬಿಡಿ. ಮರಾಠಿಯ 'ನೋಂದ'ದಿಂದ ಬಂದಿದ್ದು. 'ಹುಟ್ಟು ಬರೆಸೋದು, ಸಾವು ಬರೆಸೋದು' ಅಂತ ನಮ್ಮ ಅಜ್ಜೀನೇ ಅಂತಿದ್ರು. 'ಬರಹಕ್ಕೇರಿದ ಪಾಲು' ಅನ್ನಿ, ಚರ್ಚೆ ಯಾಕೆ.

——

ಬಾಣಂತಿಯ ಗಂಡ ಹೋಗಿ "ಮಗೂನ ಬರಹಕ್ಕೇರಿಸಿ" ಅಂದ್ರೆ ಕೌಂಟರಲ್ಲಿ ನಗ್ತಾರಷ್ಟೆ. 1969ರ ಕಾಯ್ದೆ ಹೆಸರೇ ಜನನ ಮರಣ ನೋಂದಣಿ. ಕಚೇರಿ, ಅರ್ಜಿ, ತಾಲ್ಲೂಕು ಇವೆಲ್ಲ ನಿಮ್ಮ ಅಜ್ಜಿ ಮನೆಯಿಂದ ಬಂದ್ವಾ? ಜನಗಣತಿಗೆ ಖಾನೇಷುಮಾರಿ ಅಂದ್ಕೊಂಡೇ ನಮ್ಮ ಹಿರಿಯರು ಬದುಕಿದ್ರು, ಕನ್ನಡವೇನೂ ಸಾಯ್ಲಿಲ್ಲ.

ಕೇಳಿದವರಿಗೆ: ಒಂದೇ ಸಲ ಉಸಿರೆಳೆದಿದ್ರೂ ಜೀವಂತ ಜನನ, ಹುಟ್ಟಿಗೊಂದು ಫಾರಂ, ಸಾವಿಗೊಂದು ಫಾರಂ, ಎರಡೂ ಕೊಡಬೇಕು. ಹೆಸರಿಟ್ಟಿಲ್ಲ ಅಂದ್ರೂ ನಡೆಯತ್ತೆ, 21 ದಿನದೊಳಗೆ ತಿಳಿಸಿದ್ರೆ ಫೀ ಇಲ್ಲ. "ತೊಟ್ಟಿಲಿಗೇ ಹಾಕಿಲ್ಲ, ಏನಂತ ಬರೆಸೋದು" ಅಂತ ಸುಮ್ಮನಾಗ್ತಾರಲ್ಲ, ಆ ಮಗು ಎರಡೂ ಲೆಕ್ಕದಲ್ಲಿ ಇರಲ್ಲ. ಅದಕ್ಕೇ ದೇಶದ ಶಿಶು ಮರಣ ದರಾನ (2020ಕ್ಕೆ ಸಾವಿರಕ್ಕೆ 28) ರಿಜಿಸ್ಟರ್ ನೋಡಿ ಹೇಳಲ್ಲ, ಆಯ್ದ ಊರು-ವಾರ್ಡುಗಳ ಮಾದರಿ ನೋಂದಣಿಯಿಂದ ಅಂದಾಜು ಮಾಡ್ತಾರೆ. ಪದ ಬೇಕೇ ಬೇಕು ಅಂದ್ರೆ 'ನೋಂದಣಿ ವ್ಯಾಪ್ತಿ' ಹಾಕಿ.

——

ವ್ಯಾಪ್ತಿ ಅಂದ್ರೆ ಯಾವ ಹೋಬಳಿ ಯಾರಿಗೆ ಸೇರತ್ತೆ ಅಂತ. ಇದೂ ಸಂಸ್ಕೃತವೇ.

——

ವ್ಯಾಪ್ತೀನೂ ಆ ಅಕ್ಕಂಗೆ ತೋರಿಸ್ದೆ, "ನಮ್ಮ ವ್ಯಾಪ್ತಿ ಮೂರು ಹಳ್ಳಿ ಸಾರ್" ಅಂದ್ರು. ನಾಮಪದದ ಸಹವಾಸವೇ ಬೇಡ ಅನ್ನಿಸಿ 'ಹುಟ್ಟಿದ್ದು ಎಷ್ಟು, ಬರೆಸಿದ್ದು ಎಷ್ಟು? ತೀರಿಕೊಂಡಿದ್ದು ಎಷ್ಟು, ಬರೆಸಿದ್ದು ಎಷ್ಟು?' ಅಂತ ಪೇಂಟರಿಗೆ ಕಳಿಸಿದೀನಿ. ಕೆಳಗೆ 'ಜನನ ಮರಣ ನೋಂದಣಿ' ಅಂತ ಕಚೇರಿ ಹೆಸರು ಹಾಗೇ ಇರತ್ತೆ, ಅಜ್ಜಿಯವರು ಮನ್ನಿಸಬೇಕು.