ಅಪ್‌ಡೇಟ್: ನಮ್ಮ ಹಾರರ್ ಓಪನಿಂಗ್ ಕೊನೆಗೂ ಮುಗೀತು

ಹೋದ ವಾರ ಕೇಳಿದ್ದೆನಲ್ಲ, ಕಾಲೇಜಿನ ಹಾರರ್ ಸಿನಿಮಾದ ಎರಡು ನಿಮಿಷದ ಓಪನಿಂಗ್‌ಗೆ (ಶುರುವಿನ ದೃಶ್ಯಕ್ಕೆ) ಮೊಬೈಲಲ್ಲಿ ರಾತ್ರಿ ತೆಗೆದ ಶಾಟ್‌ಗಳೆಲ್ಲ ಬರೀ ಗ್ರೇನ್ (ಚುಕ್ಕಿ ಚುಕ್ಕಿ), ಒಳಗೆ ಟ್ಯೂಬ್‌ಲೈಟ್ ಫ್ಲಿಕರ್ ಬೇರೆ ಅಂತ. ಮುಗಿಸಿದ್ವಿ.

ಕೆಲಸಕ್ಕೆ ಬಂದಿದ್ದು "ರಾತ್ರಿ ಬಿಡಿ, ಮುಸ್ಸಂಜೆಗೆ ತೆಗೀರಿ" ಅಂದವರ ಮಾತು. ಸೂರ್ಯ ಮುಳುಗಿದ ಮೇಲಿನ ಇಪ್ಪತ್ತು ನಿಮಿಷ, ವೈಟ್ ಬ್ಯಾಲೆನ್ಸ್ (ಬಣ್ಣದ ಛಾಯೆಯ ಸೆಟ್ಟಿಂಗ್) ಚಿತ್ರ ನೀಲಿಯಾಗಲಿ ಅಂತ 3200 ಕೆಲ್ವಿನ್, ಎಕ್ಸ್‌ಪೋಷರ್ ಒಂದೂವರೆ ಸ್ಟಾಪ್ ಕಡಿಮೆ (ಅಂದ್ರೆ ಚಿತ್ರ ಬೇಕಂತಲೇ ಕತ್ತಲು). ಹಿತ್ತಲು ನೀಲಿಗಟ್ಟಿ ನಡುರಾತ್ರಿ ಥರಾನೇ ಬಂತು. ಫ್ಲಿಕರ್‌ಗೆ ಶಟರ್ (ಒಂದೊಂದು ಫ್ರೇಮ್‌ಗೆ ಬೆಳಕು ಬೀಳೋ ಹೊತ್ತು) ಸೆಕೆಂಡಿನ 1/50ಕ್ಕೆ ಲಾಕ್ ಮಾಡಿದ್ದೇ ಮದ್ದು. ನಮ್ಮ ಕರೆಂಟ್ 50 ಹರ್ಟ್ಜ್ ಅಲ್ವಾ, ಟ್ಯೂಬ್‌ಲೈಟ್ ಮಿನುಗೋದೂ ಅದರ ತಾಳಕ್ಕೇ.

ಸಾಂಬ್ರಾಣಿ ಹೊಗೆ ಐಡಿಯಾ ಮಾತ್ರ ಕೈಕೊಟ್ಟಿತು. ಫ್ರೇಮಲ್ಲಿ ಕಾಣಲೇ ಇಲ್ಲ, ನಾಯಕಿಗೆ ಕೆಮ್ಮು, ಅಜ್ಜಿಗೆ "ಇವತ್ತೇನೋ ಪೂಜೆ?" ಅನ್ನೋ ಅನುಮಾನ.

ಆಶ್ಚರ್ಯ ಆಗಿದ್ದು ಸೌಂಡಲ್ಲಿ. ಮ್ಯೂಸಿಕ್ ಪೂರ್ತಿ ಕಿತ್ತು ಹಾಕಿ, ಖಾಲಿ ಮನೆಯ ಸದ್ದನ್ನೇ ಒಂದು ನಿಮಿಷ ರೆಕಾರ್ಡ್ ಮಾಡಿ ಹಾಸಿದ್ವಿ. ಅದರ ಮೇಲೆ ಬಾವಿ ರಾಟೆ ಕಿರುಗುಟ್ಟೋ ಸದ್ದು ಮಾತ್ರ. ಬಾವಿ ತೋರಿಸೋದೇ ಇಲ್ಲ. ಮೂಳೆ ಮುರಿಯೋ ಸದ್ದಿಗೆ ಹಸಿ ಮೂಲಂಗಿ. ಕ್ಲಾಸಲ್ಲಿ ಹಾಕಿದಾಗ ದೆವ್ವದ ಮೇಕಪ್ ನೋಡಿ ಎಲ್ಲರೂ ನಕ್ಕರು (ಎರಡು ಗಂಟೆ ಬಳಿದಿದ್ದೆ ಕಣ್ರೀ!), ರಾಟೆ ಸದ್ದಿಗೆ ಮಾತ್ರ ಯಾರೂ ಉಸಿರೆತ್ತಲಿಲ್ಲ. ಮೇಕಪ್ ಶಾಟ್ ಎಡಿಟಲ್ಲಿ ಹಾರಿಸಿಬಿಟ್ಟೆ.