ಅರ್ಹತೆ ಪಡೆಯದ ತಂಡ ‘ಅನರ್ಹ’ವೇ?

2023ರ ಆಗಸ್ಟ್ ಕೊನೆಯಲ್ಲಿ ಒಮಾನಿನ ಸಲಾಲಾದಲ್ಲಿ ಪುರುಷರ ಹಾಕಿ ಫೈವ್ಸ್ (ಅಂಕಣದಲ್ಲಿ ತಂಡಕ್ಕೆ ಐವರೇ ಆಡುವ ಹಾಕಿ) ಏಷ್ಯಾ ಕಪ್ ಶುರುವಾಯಿತು. 2024ರ ಜನವರಿಯಲ್ಲಿ ಮಸ್ಕತ್‌ನಲ್ಲಿ ನಡೆದ ಮೊದಲ ಫೈವ್ಸ್ ವಿಶ್ವಕಪ್‌ಗೆ ಏಷ್ಯಾದ ತಂಡಗಳು ದಾರಿ ಮಾಡಿಕೊಂಡದ್ದು ಇಲ್ಲಿಂದಲೇ. ಈ ಟೂರ್ನಿಯ ಸುತ್ತಲಿನ ಕೆಲವು ಪದಗಳ ಬಗ್ಗೆ ಬಲ್ಲವರ ಅಭಿಪ್ರಾಯ ಬೇಕಾಗಿದೆ.

ಮುಖ್ಯ ಪ್ರಶ್ನೆ ‘ಅರ್ಹತೆ’ಯದು. ಭಾರತ, ಪಾಕಿಸ್ತಾನ, ಮಲೇಷ್ಯಾ ವಿಶ್ವಕಪ್‌ಗೆ ‘ಅರ್ಹತೆ ಪಡೆದವು’ ಎನ್ನುತ್ತೇವೆ, ಅದರಲ್ಲಿ ತೊಡಕಿಲ್ಲ. ಸಲಾಲಾದಲ್ಲಿ ಆಡಿಯೂ ಸ್ಥಾನ ಸಿಗದ ಜಪಾನ್, ಬಾಂಗ್ಲಾದೇಶಗಳನ್ನು ಏನೆನ್ನಬೇಕು? ವ್ಯಾಕರಣದ ಪ್ರಕಾರ ‘ಅರ್ಹ’ದ ವಿರುದ್ಧ ಪದ ‘ಅನರ್ಹ’. ಆದರೆ ಕನ್ನಡದಲ್ಲಿ ಆ ಪದ ಶಿಕ್ಷೆಯ ವಾಸನೆ ಹೊತ್ತುಕೊಂಡಿದೆ. ಶಾಸಕರು ಅನರ್ಹರಾಗುತ್ತಾರೆ, ಉದ್ದೀಪನ ಮದ್ದು ಸೇವಿಸಿದ ಓಟಗಾರ ಅನರ್ಹನಾಗುತ್ತಾನೆ. ಪ್ಯಾರಿಸ್ ಒಲಿಂಪಿಕ್ಸ್‌ನ ಉದಾಹರಣೆಯನ್ನೇ ನೋಡಿ. ಕುಸ್ತಿಪಟು ವಿನೇಶ್ ಫೋಗಟ್ 2024ರ ಏಪ್ರಿಲ್‌ನಲ್ಲಿ ಬಿಷ್ಕೆಕ್‌ನ ಏಷ್ಯಾ ಅರ್ಹತಾ ಟೂರ್ನಿಯಲ್ಲಿ ಅರ್ಹತೆ ಪಡೆದರು. ಆಗಸ್ಟ್‌ನಲ್ಲಿ, ಫೈನಲ್‌ನ ದಿನ ಬೆಳಿಗ್ಗೆ ತೂಕ 100 ಗ್ರಾಂ ಹೆಚ್ಚಾಗಿ ಅನರ್ಹಗೊಂಡರು. ಎರಡೂ ಮಾತು ಒಬ್ಬರಿಗೇ ಸಲ್ಲುತ್ತವೆ, ಎರಡೂ ನಿಜ. ಅಂದರೆ ಕ್ರೀಡಾ ಕನ್ನಡದಲ್ಲಿ ‘ಅನರ್ಹ’ ಎಂಬುದು ‘ಅರ್ಹತೆ ಪಡೆ’ ಎಂಬುದರ ನೇರ ನಿಷೇಧವಾಗಿ ಉಳಿದಿಲ್ಲ. ನಿಯಮ ಮುರಿಯದೆ, ಚೆನ್ನಾಗಿಯೇ ಆಡಿ ಸೋತ ತಂಡಕ್ಕೆ ಅದನ್ನು ಅಂಟಿಸುವುದು ಅನ್ಯಾಯ ಎಂದೇ ನನ್ನ ಭಾವನೆ.

ಬದಲಿಗೆ ಏನು ಬರೆಯೋಣ? ‘ಹೊರಬಿದ್ದ’ ಎಂಬುದು ನಾಕೌಟ್ ಪಂದ್ಯಕ್ಕೆ ಒಗ್ಗುತ್ತದೆ. ‘ಹೊರಗುಳಿದ’ ಎಂದರೆ ತಾನಾಗಿ ಭಾಗವಹಿಸದೆ ಇದ್ದಂತೆ ಕೇಳಿಸುತ್ತದೆ. ‘ಅರ್ಹತೆ ಕೈತಪ್ಪಿತು’ ನನಗೆ ಹಿಡಿಸಿದೆ, ಪ್ರಯತ್ನವೂ ನಿರಾಸೆಯೂ ಅದರಲ್ಲಿವೆ. ಆದರೆ ಅದು ಕ್ರಿಯೆ, ತಂಡಕ್ಕೆ ವಿಶೇಷಣ ಮಾಡಿದರೆ ‘ಅರ್ಹತೆ ಕೈತಪ್ಪಿದ ತಂಡಗಳು’ ಎಂದು ಉದ್ದವಾಗುತ್ತದೆ. ಪಟ್ಟಿಯ ತಲೆಬರಹಕ್ಕೆ ಹೊಂದುವ ಚಿಕ್ಕ ಪದ ಇದೆಯೇ?

ಇನ್ನೊಂದು ಸಂದೇಹ ‘ಅರ್ಹತಾ ಸುತ್ತು’ ಮತ್ತು ‘ಅರ್ಹತಾ ಟೂರ್ನಿ’ಗಳದು. ಎರಡನ್ನೂ ಒಂದೇ ಎಂಬಂತೆ ಬಳಸುತ್ತಿದ್ದೇವೆ. ಟೆನಿಸ್‌ನಲ್ಲಿ ಮುಖ್ಯ ಸುತ್ತಿಗೆ ಮೊದಲು ಅದೇ ಟೂರ್ನಿಯೊಳಗೆ ಆಡಿಸುವುದು ಸುತ್ತು, ಅದನ್ನು ದಾಟುತ್ತಾರೆ. ಸಲಾಲಾದಲ್ಲಿ ನಡೆದದ್ದು ತನ್ನದೇ ಕಪ್ ಇದ್ದ ಟೂರ್ನಿ, ಅದನ್ನು ಗೆಲ್ಲುತ್ತಾರೆ. ಲೀಗ್ ಹಂತದಲ್ಲಿ ಪಾಕಿಸ್ತಾನಕ್ಕೆ 4–5ರಿಂದ ಸೋತಿದ್ದ ಭಾರತ, ಸೆಪ್ಟೆಂಬರ್ 2ರ ಫೈನಲ್‌ನಲ್ಲಿ ಅದೇ ತಂಡದೊಂದಿಗೆ 4–4ರ ಸಮಬಲ ಸಾಧಿಸಿ, ಶೂಟೌಟ್‌ನಲ್ಲಿ 2–0ಯಿಂದ ಗೆದ್ದಿತು. ನಮ್ಮ ಮೊಹಮ್ಮದ್ ರಾಹಿಲ್ ಆ ಪಂದ್ಯದಲ್ಲಿ ಎರಡು ಗೋಲು ಹೊಡೆದಿದ್ದರು. ಅಷ್ಟು ರೋಚಕವಾಗಿ ಗೆದ್ದ ಕಪ್ಪನ್ನು ‘ಅರ್ಹತಾ ಸುತ್ತು’ ಎಂದರೆ ಗೆಲುವು ಸಪ್ಪೆಯಾಗುತ್ತದೆ. ಸೋತ ಪಾಕಿಸ್ತಾನಕ್ಕೂ ವಿಶ್ವಕಪ್ ಸ್ಥಾನ ದಕ್ಕಿತು ಎಂಬುದನ್ನು ಮುಚ್ಚಿಟ್ಟರೆ ಸುದ್ದಿ ಅರ್ಧವಾಗುತ್ತದೆ. ‘ವಿಶ್ವಕಪ್ ಅರ್ಹತೆಯ ಏಷ್ಯಾ ಕಪ್’ ಎಂದು ಬರೆದರೆ ಎರಡೂ ಉಳಿಯುತ್ತವೆ ಎನ್ನಿಸುತ್ತದೆ.

ಇಂಥ ಏಷ್ಯಾ ಮಟ್ಟದ ಟೂರ್ನಿಗೆ ‘ಪ್ರಾದೇಶಿಕ’ ಎಂಬ ವಿಶೇಷಣ ಬೇಡ. ಆ ಪದ ಕೇಳಿದರೆ ನಮಗೆ ಪಕ್ಷಗಳು, ಭಾಷೆಗಳು ನೆನಪಾಗುತ್ತವೆ. ದೇಶಕ್ಕಿಂತ ಚಿಕ್ಕದರ ಭಾವ ಬರುತ್ತದೆ. ‘ಏಷ್ಯಾ ವಲಯ’ ಸರಿಯಾಗಿದೆ.

ಕೊನೆಯದು ಆಟದ ಹೆಸರು. ಗೋಲ್‌ಕೀಪರ್ ಸೇರಿ ಅಂಕಣದಲ್ಲಿ ಐದೇ ಜನ, ಪೆನಾಲ್ಟಿ ಕಾರ್ನರ್ ಇಲ್ಲ, ಅಂಕಣದ ಸುತ್ತ ಹಲಗೆ. 2014ರ ನಾನ್‌ಜಿಂಗ್ ಯೂತ್ ಒಲಿಂಪಿಕ್ಸ್‌ನಿಂದ ಇರುವ ಈ ಆಟಕ್ಕೆ ‘ಹಾಕಿ ಫೈವ್ಸ್’ ಎಂದೇ ಅಚ್ಚಾಗುತ್ತಿದೆ. ‘ಐವರ ಹಾಕಿ’ ಎನ್ನಬಾರದೇಕೆ? ಮನುಷ್ಯರನ್ನು ಎಣಿಸಲು ಇಬ್ಬರು, ಮೂವರು, ನಾಲ್ವರು, ಐವರು ಎಂಬ ರೂಪಗಳು ಕನ್ನಡಕ್ಕೆ ಸಹಜ. ಏಳಕ್ಕೆ ‘ಎಳ್ವರು’ ಎಂದರೆ ಇಂದಿನ ಓದುಗರಿಗೆ ಅಪರಿಚಿತ, ಆದ್ದರಿಂದ ಸೆವೆನ್ಸ್ ರಗ್ಬಿಗೆ ಈ ಅನುಕೂಲವಿಲ್ಲ, ಐದಕ್ಕೆ ಇದೆ. ತೊಡಕು ಇರುವುದು ‘ಪುರುಷರ ಐವರ ಹಾಕಿ’ ಎಂಬಲ್ಲಿ. ಎರಡು ಷಷ್ಠಿಗಳು ಒಂದರ ಹಿಂದೆ ಒಂದು ಬಂದು ಎಡವುತ್ತವೆ. ‘ಐವರ ಹಾಕಿ: ಪುರುಷರ ಏಷ್ಯಾ ಕಪ್’ ಎಂದು ಬಿಡಿಸಿ ಬರೆಯಬಹುದು, ಆದರೆ ವಾಕ್ಯದ ನಡುವೆ ಅದು ಕೂರುವುದಿಲ್ಲ. ಷಷ್ಠಿಯ ಗೋಜಿಲ್ಲದೆ ‘ಐದಾಳು ಹಾಕಿ’ ಎಂದು ಸಮಾಸ ಮಾಡಿದರೆ ಕಿವಿಗೆ ಒಗ್ಗುತ್ತದೆಯೇ, ತಿಳಿಸಿ.