ಸೋಮವಾರ ಹೊರಟು ಗುರುವಾರ ಬರುವ ಕಾಂಟ್ರಾಕ್ಟ್: ಅಮೆರಿಕದ ತೆರಿಗೆಯಲ್ಲಿ ಊಟ, ಪ್ರಯಾಣದ ಖರ್ಚು ತೋರಿಸಬಹುದಾ?

ತೀರ್ಥಹಳ್ಳಿ, ಈಗ ಡಲ್ಲಾಸ್
ಎಲ್ಲರಿಗೂ ನಮಸ್ಕಾರ. ಹೋದ ನವೆಂಬರ್‌ನಿಂದ ಕಂಪನಿ ಕೆಲಸ ಬಿಟ್ಟು ಸ್ವಂತವಾಗಿ ಕಾಂಟ್ರಾಕ್ಟ್ ಮಾಡ್ತಿದ್ದೇನೆ, 1099 ಮೇಲೆ (ಸಂಬಳದ ನೌಕರರಲ್ಲದವರಿಗೆ ಕೊಟ್ಟ ಹಣ ತೋರಿಸೋ ತೆರಿಗೆ ಫಾರ್ಮ್). ಗ್ರೀನ್ ಕಾರ್ಡ್ ಇದೆ, ವೀಸಾ ತೊಂದರೆ ಇಲ್ಲ. ಕ್ಲೈಂಟ್ ಇರೋದು ಮಿನಿಯಾಪೊಲಿಸ್‌ನಲ್ಲಿ. ಸೋಮವಾರ ಬೆಳಗಿನ ಜಾವ ಹೊರಟರೆ ಗುರುವಾರ ರಾತ್ರಿ ಮನೆ, ಶುಕ್ರವಾರ ಮನೆಯಿಂದ ಕೆಲಸ. ಟಿಕೆಟ್, ರೂಮು, ಊಟ ಎಲ್ಲ ನನ್ನ ಕೈಯಿಂದಲೇ, ಕ್ಲೈಂಟ್ ಬೇರೆ ಕೊಡಲ್ಲ.

ಮಾರ್ಚ್ ರಜೆಯಲ್ಲಿ ಮಗಳನ್ನೂ ಜೊತೆಗೆ ಕರ್ಕೊಂಡು ಹೋಗಿದ್ದೆ. ಅವಳ ಖರ್ಚೂ ಸೇರುತ್ತಾ? ಜುಲೈನಲ್ಲಿ ಐದು ವಾರ ಊರಿಗೆ ಹೋಗ್ತೇವೆ, ಅದರಲ್ಲಿ ಎರಡು ವಾರ ತೀರ್ಥಹಳ್ಳಿ ಮನೆಯಿಂದಲೇ ಕೆಲಸ ಮಾಡ್ತೇನೆ. ಹಾಗಿದ್ರೆ ಆ ಟಿಕೆಟ್ಟೂ ವ್ಯವಹಾರದ ಖರ್ಚು ಅಂತ ಪರಿಚಯದವರೊಬ್ಬರು ಹೇಳಿದ್ರು. ನಿಜವಾ? ತಪ್ಪು ಲೆಕ್ಕ ಕೊಟ್ಟುಬಿಡ್ತೀನಾ ಅಂತ ರಾತ್ರಿ ನಿದ್ದೆ ಬರ್ತಿಲ್ಲ. ಮಗಳಿಗೆ ಆರು ವರ್ಷ. ದಿನಾ ಫೋನಲ್ಲಿ ಒಂದೇ ಪ್ರಶ್ನೆ: "ಅಮ್ಮಾ, ಇವತ್ತು ಗುರುವಾರಾನಾ?"

ಸಾಗರ, ಈಗ ನ್ಯೂಜೆರ್ಸಿ
ತಲೆ ಕೆಡಿಸ್ಕೋಬೇಡಿ ಮಾರಾಯ್ರೇ, ಎಲ್ಲಾ ಹಾಕಿ. ಸ್ವಂತ ವ್ಯವಹಾರ ಅಂದ್ಮೇಲೆ ತಿಂದಿದ್ದೂ ವ್ಯವಹಾರಕ್ಕೇ. ನಾನು ಊಟ ಪೂರ್ತಿ ಹಾಕ್ತಾ ಬಂದಿದ್ದೇನೆ, ಇವತ್ತಿಗೂ ಒಬ್ಬರೂ ಕೇಳಿಲ್ಲ.

ಶಿವಮೊಗ್ಗ, ಈಗ ಷಾರ್ಲೆಟ್
ಸಾಗರದ ಅಣ್ಣ, ದಯವಿಟ್ಟು ಹಾಗೆ ಹೇಳಬೇಡಿ, ಹೊಸಬರು ನಂಬಿಬಿಡ್ತಾರೆ. ಹದಿನೈದು ವರ್ಷದಿಂದ ನಾನು ಬೇರೆಯವರ ತೆರಿಗೆ ಫಾರ್ಮ್ ತುಂಬಿಕೊಡ್ತಿದ್ದೇನೆ. ರೆಸ್ಟೋರೆಂಟ್ ಊಟದ ಖರ್ಚನ್ನ ಆದಾಯದಿಂದ ಪೂರ್ತಿ ಕಳೆಯಬಹುದು ಅಂತಿದ್ದದ್ದು 2021 ಮತ್ತು 2022ರಲ್ಲಿ ಮಾತ್ರ. ಈಗ ಅರ್ಧ, ಅಂದ್ರೆ 50%. ಅದೂ ಕೆಲಸಕ್ಕಾಗಿ ಊರು ಬಿಟ್ಟು ರಾತ್ರಿ ಉಳಿದಾಗಿನ ಊಟ, ಇಲ್ಲಾ ಕ್ಲೈಂಟ್ ಜೊತೆ ಕೂತು ಮಾಡಿದ್ದು. ಡಲ್ಲಾಸ್‌ನಲ್ಲಿ ಶುಕ್ರವಾರ ಒಬ್ಬರೇ ತಿಂದ ಊಟ ಸ್ವಂತದ್ದೇ.

ತೀರ್ಥಹಳ್ಳಿಯ ಅಕ್ಕ, ನಿಮ್ಮ ಮಿನಿಯಾಪೊಲಿಸ್ ಟಿಕೆಟ್, ರೂಮು, ಅಲ್ಲಿನ ಟ್ಯಾಕ್ಸಿ ಪೂರ್ತಿ ಸಲ್ಲುತ್ತೆ, ಷೆಡ್ಯೂಲ್ ಸಿ (ಸ್ವಂತ ವ್ಯವಹಾರದ ಲಾಭ-ನಷ್ಟ ತೋರಿಸೋ ಫಾರ್ಮ್) ಮೇಲೆ ಬರುತ್ತೆ. ಮನೆಯಿಂದ ಏರ್‌ಪೋರ್ಟಿಗೆ ಸ್ವಂತ ಕಾರಲ್ಲಿ ಹೋದ್ರೆ ಮೈಲಿ ಲೆಕ್ಕ, 2025ಕ್ಕೆ ಮೈಲಿಗೆ 70 ಸೆಂಟ್. ಪಾರ್ಕಿಂಗ್, ಟೋಲ್ ಬೇರೆ ಸೇರಿಸಿ. ಇವೆಲ್ಲ ಕಳೆದ್ರೆ ಆದಾಯ ತೆರಿಗೆ ಒಂದೇ ಅಲ್ಲ, ಸ್ವಂತ ಉದ್ಯೋಗದ 15.3% ತೆರಿಗೆಯೂ ಇಳಿಯುತ್ತೆ. ಹಾಗಾಗಿ ಹೆದರಿ ಬಿಟ್ಟುಬಿಡಬೇಡಿ, ನಿಮ್ಮ ಹಕ್ಕಿನದು ಅದು.

ಮಗಳ ಟಿಕೆಟ್, ಅವಳ ಊಟ ಬರಲ್ಲ. ರೂಮಿಗೆ ಮಾತ್ರ, ನೀವೊಬ್ಬರೇ ಹೋಗಿದ್ರೆ ಎಷ್ಟಾಗ್ತಿತ್ತೋ ಅಷ್ಟನ್ನ ಹಾಕಿ. ಊರಿನ ಟಿಕೆಟ್ಟಂತೂ ಬೇಡವೇ ಬೇಡ. ಐದು ವಾರದಲ್ಲಿ ಮೂರು ವಾರ ರಜೆ, ಹೋಗೋದೇ ಅಮ್ಮನ ಮನೆಗೆ. ಮುಖ್ಯ ಉದ್ದೇಶ ಸ್ವಂತದ್ದಾದ್ರೆ ವಿಮಾನದ ಖರ್ಚಿನಲ್ಲಿ ಒಂದು ಡಾಲರೂ ಸಲ್ಲಲ್ಲ. ಅಲ್ಲಿ ಕೂತು ಕೆಲಸ ಮಾಡಿದ್ದಕ್ಕೇ ಅಂತ ತಗುಲಿದ ಖರ್ಚು ಮಾತ್ರ ಬರುತ್ತೆ.

ರಸೀದಿ: 75 ಡಾಲರ್‌ಗಿಂತ ಕಡಿಮೆ ಆದ್ರೆ ಕಡ್ಡಾಯ ಅಲ್ಲ, ರೂಮಿಗೆ ಎಷ್ಟಿದ್ದರೂ ಬೇಕು. ಆದ್ರೆ ದಿನಾಂಕ, ಜಾಗ, ಯಾಕೆ, ಎಷ್ಟು, ಇವನ್ನ ಅವತ್ತವತ್ತೇ ಬರೀರಿ. ನಮ್ಮಪ್ಪ ಅಡಿಕೆ ಮಂಡಿಯಿಂದ ಬಂದವರು ಕಾಲು ತೊಳೆಯೋ ಮೊದಲು ಪಟ್ಟಿ ನೋಡಿ ಪುಸ್ತಕಕ್ಕೆ ಏರಿಸ್ತಿದ್ರು. ತೂಕ, ದರ, ಹಮಾಲಿ, ಎಲ್ಲ. ನಾನು ಕಲಿತ ಮೊದಲ ಲೆಕ್ಕ ಅದು. ಊಟದ ಚೀಟಿ ಇಡೋದು ಕಷ್ಟ ಅನಿಸಿದ್ರೆ, ಸರ್ಕಾರ ಊರೂರಿಗೆ ನಿಗದಿ ಮಾಡಿರೋ ದಿನದ ಊಟದ ದರ ಹಿಡೀಬಹುದು, ಅದರಲ್ಲೂ ಅರ್ಧವೇ. ರೂಮಿಗೆ ಆ ಸೌಲಭ್ಯ ಸ್ವಂತ ಉದ್ಯೋಗದವರಿಗೆ ಇಲ್ಲ.

ಹೊಸನಗರ, ಈಗ ಸ್ಯಾನ್ ಹೋಸೆ
ಯಾರೂ ಮುಖ್ಯ ವಿಷಯ ಹೇಳ್ತಿಲ್ಲ. ತಂಗಿ, ಈ ಓಡಾಟ ಬಿಟ್ಟುಬಿಡು. ನಾನು ಹನ್ನೊಂದು ವರ್ಷ ಹೀಗೇ ವಾರವಾರ ಹಾರಾಡಿದವನು. ನಮ್ಮ ಹುಡುಗನಿಗೆ ಈಗ ಹದಿನೇಳು. ಹೋದ ವರ್ಷ ಊರಿಗೆ ಕರ್ಕೊಂಡು ಹೋದಾಗ ಅಮ್ಮ ಅವನಿಗೆ ಅಂತ ಕೊಟ್ಟೆ ಕಡುಬು ಮಾಡಿ, ಪಕ್ಕದಲ್ಲಿ ಕೂತು ಏನೇನೋ ಕೇಳಿದ್ರು. ಅವನಿಗೆ ಒಂದು ಮಾತೂ ಅರ್ಥ ಆಗ್ಲಿಲ್ಲ. ನನ್ನ ಮುಖ ನೋಡಿದ. ಅಮ್ಮನೂ ನನ್ನ ಮುಖ ನೋಡಿದ್ರು. ಇಬ್ಬರ ಮಧ್ಯೆ ನಾನು ತರ್ಜುಮೆ ಮಾಡ್ತಾ ಕೂತಿದ್ದೆ. ಆ ಹನ್ನೊಂದು ವರ್ಷವನ್ನ ಯಾವ ಫಾರ್ಮಲ್ಲಿ ಕಳೀಲಿ? ಮಗು ದಿನಾ ಗುರುವಾರ ಕೇಳ್ತಿದೆ ಅಂದ್ರೆ ಬೇರೆ ಲೆಕ್ಕ ಎಂತಕ್ಕೆ?

ಕೊಪ್ಪ, ಈಗ ಅಟ್ಲಾಂಟಾ
ಅಣ್ಣ ಹೇಳಿದ್ದು ನಿಜ. ಮನೇಲಿ ಕನ್ನಡ ಬಿಟ್ಟು ಬೇರೆ ಮಾತಿಲ್ಲ ಅಂತ ನಾವು ಮೊದಲಿಂದ ಹಟ ಹಿಡಿದ್ವಿ. ಭಾನುವಾರದ ಕನ್ನಡ ತರಗತಿ ಒಂದು ದಿನ ತಪ್ಪಿಸಿಲ್ಲ. ಡಿಸೆಂಬರ್‌ನಲ್ಲಿ ಊರಿಗೆ ಹೋದಾಗ ಇಬ್ಬರು ಹೆಣ್ಮಕ್ಕಳೂ ಅಂಗಳದಲ್ಲಿ ಅಡಿಕೆ ಹರಡ್ತಾ ಆಳುಗಳ ಜೊತೆ ಹರಟೆ ಹೊಡೀತಿದ್ರು. ಅಜ್ಜ ಊರಿಗೆಲ್ಲ ಹೇಳ್ಕೊಂಡು ಬಂದ್ರು.

ಭದ್ರಾವತಿ, ಈಗ ಶಿಕಾಗೊ
ಇದೇ ಪ್ರಶ್ನೆ ಗಂಡಸು ಕೇಳಿದ್ರೆ ಕೆಲಸ ಬಿಡು ಅಂತ ಯಾರಾದ್ರೂ ಹೇಳ್ತಿದ್ರಾ? ನಮ್ಮಪ್ಪ ಕಾರ್ಖಾನೇಲಿ ವರ್ಷಗಟ್ಟಲೆ ನೈಟ್ ಶಿಫ್ಟ್ ಮಾಡಿದ್ರು. ನಾವು ಶಾಲೆಗೆ ಹೊರಡುವಾಗ ಅವರು ಮಲಗಿರ್ತಿದ್ರು. ಪ್ರೀತಿ ಕಡಿಮೆ ಆಯ್ತು ಅಂತ ನಮಗೆ ಅನಿಸಲೇ ಇಲ್ಲ. ತೀರ್ಥಹಳ್ಳಿಯವರು ಕೇಳಿದ್ದು ತೆರಿಗೆ ವಿಷಯ, ಅದಕ್ಕೆ ಉತ್ತರ ಕೊಡಿ.

ಹೊಸನಗರ, ಈಗ ಸ್ಯಾನ್ ಹೋಸೆ
ಗಂಡಸು ಹೆಂಗಸು ಪ್ರಶ್ನೆ ಅಲ್ಲಮ್ಮ ಇದು. ಗಂಡಸಿಗೆ ಯಾರೂ ಹೇಳಲಿಲ್ಲ ಅಂತಲೇ ನಾನು ಕಳ್ಕೊಂಡೆ. ಆಗ ಒಬ್ಬರಾದ್ರೂ ಹೇಳಿದ್ರೆ ಕೇಳ್ತಿದ್ದೆ.

ಸಾಗರ, ಈಗ ನ್ಯೂಜೆರ್ಸಿ
ಷಾರ್ಲೆಟ್‌ನವರೇ, ಊಟದ ವಿಷಯ ಒಪ್ಪಿದೆ, ಹಳೆಯ ಫಾರ್ಮ್ ತೆಗೆದು ನೋಡ್ತೇನೆ. ಜೊತೆಗೆ ಇನ್ನೊಂದು. ಊರಿನ ತೋಟದ ಪಾಲು ನನ್ನ ಹೆಸರಿಗಿದೆ. ಕೃಷಿ ಆದಾಯಕ್ಕೆ ಅಲ್ಲಿ ತೆರಿಗೆ ಇಲ್ಲವಲ್ಲ, ಇಲ್ಲಿ ತೋರಿಸಬೇಕಾ?

ಶಿವಮೊಗ್ಗ, ಈಗ ಷಾರ್ಲೆಟ್
ತೋರಿಸಲೇಬೇಕು. ಇಲ್ಲಿನವರಾದ ಮೇಲೆ ಜಗತ್ತಿನ ಎಲ್ಲಿಯ ಆದಾಯವೂ ಇಲ್ಲಿ ಲೆಕ್ಕಕ್ಕೆ ಬರುತ್ತೆ, ಅಡಿಕೆಯದ್ದೂ. ಅಲ್ಲಿನ ಬ್ಯಾಂಕ್ ಖಾತೆಗಳೆಲ್ಲ ಸೇರಿ ವರ್ಷದಲ್ಲಿ ಯಾವತ್ತಾದರೂ 10,000 ಡಾಲರ್ ದಾಟಿದ್ರೆ ಅದಕ್ಕೆ ಬೇರೆ ವರದಿ. ಇದನ್ನ ಬೇರೆಯಾಗಿ ಮಾತಾಡೋಣ, ಅಕ್ಕನ ಪ್ರಶ್ನೆ ಮುಳುಗಿ ಹೋಗ್ತಿದೆ.

ಕೊಪ್ಪ, ಈಗ ಅಟ್ಲಾಂಟಾ
ಮಗಳಿಗೆ ದಿನಾ ರಾತ್ರಿ ಫೋನಲ್ಲೇ ಒಂದು ಕನ್ನಡ ಕಥೆ ಹೇಳಿ ಅಕ್ಕ. ನಮ್ಮಲ್ಲಿ ಅದು ತುಂಬಾ ಕೆಲಸ ಮಾಡ್ತು.

ತೀರ್ಥಹಳ್ಳಿ, ಈಗ ಡಲ್ಲಾಸ್
ಎಲ್ಲರಿಗೂ ಧನ್ಯವಾದ. ಹೊಸನಗರದ ಅಣ್ಣ, ನೀವು ಬರೆದದ್ದು ಎರಡು ಸಲ ಓದಿದೆ. ಕಾಂಟ್ರಾಕ್ಟ್ ಹಿಡಿದದ್ದೇ ಬೇಸಿಗೆಯಲ್ಲಿ ಅವಳನ್ನ ಐದು ವಾರ ಅಮ್ಮನ ಹತ್ರ ಇರಿಸೋಕೆ. ಕಂಪನಿ ಕೆಲಸದಲ್ಲಿ ಎರಡು ವಾರದ ಮೇಲೆ ರಜೆ ಸಿಗ್ತಿರಲಿಲ್ಲ. ಅವಳು ಅಜ್ಜಿ ಜೊತೆ ಚೆನ್ನಾಗಿ ಮಾತಾಡ್ತಾಳೆ. ಹೀಗೇ ಇರಲಿ ಅಂತ ನನ್ನ ಆಸೆ.

ಷಾರ್ಲೆಟ್‌ನವರೇ, ನಿನ್ನೆ ರಾತ್ರಿ ರೂಮಲ್ಲಿ ಕೂತು ಜನವರಿಯಿಂದ ಕಾರ್ಡಿನ ಲೆಕ್ಕ ಬೇರೆ ಬೇರೆ ಮಾಡಿದೆ. ಮಗಳ ಟಿಕೆಟ್ ತೆಗೆದಿಟ್ಟೆ. ಇನ್ನೆರಡು ಪ್ರಶ್ನೆ ಉಳಿದಿದೆ. ಜುಲೈ ಮಳೆಗೆ ನಮ್ಮಲ್ಲಿ ಕರೆಂಟು ಹೋದ್ರೆ ನೆಟ್ಟೂ ಹೋಗುತ್ತೆ. ಆ ಎರಡು ವಾರಕ್ಕೆ ಅಂತ ಡಾಂಗಲ್, ಚಿಕ್ಕ ಯುಪಿಎಸ್ ತಗೊಂಡ್ರೆ? ಮತ್ತೆ, ಒಂಬತ್ತು ತಿಂಗಳ ಕಾಂಟ್ರಾಕ್ಟನ್ನ ಮುಂದಿನ ಮಾರ್ಚ್ ತನಕ ಮುಂದುವರಿಸೋ ಮಾತು ನಡೀತಿದೆ, ಅದರಿಂದ ಲೆಕ್ಕ ಬದಲಾಗುತ್ತಾ?

ಶಿವಮೊಗ್ಗ, ಈಗ ಷಾರ್ಲೆಟ್
ಡಾಂಗಲ್, ಯುಪಿಎಸ್ ಕೆಲಸಕ್ಕೆ ಬಳಸಿದಷ್ಟು ಸಲ್ಲುತ್ತೆ. ಎರಡನೇದು ದೊಡ್ಡದು, ಮೊದಲೇ ಕೇಳಬೇಕಿತ್ತು ನಾನು. ಒಂದೇ ಜಾಗದ ಕೆಲಸ ಒಂದು ವರ್ಷದೊಳಗೆ ಮುಗಿಯುತ್ತೆ ಅನ್ನೋ ತನಕ ಅದು ತಾತ್ಕಾಲಿಕ, ಖರ್ಚು ಬರುತ್ತೆ. ವರ್ಷ ದಾಟುತ್ತೆ ಅನ್ನೋ ನಿರೀಕ್ಷೆ ಹುಟ್ಟಿದ ದಿನದಿಂದ ಮಿನಿಯಾಪೊಲಿಸ್ಸೇ ನಿಮ್ಮ ಕೆಲಸದ ಊರು ಅಂತ ಲೆಕ್ಕ. ಅಲ್ಲಿಂದಾಚೆ ಟಿಕೆಟ್, ರೂಮು, ಊಟ ಯಾವುದೂ ಇಲ್ಲ. ವರ್ಷ ತುಂಬೋ ನವೆಂಬರ್‌ಗೆ ಕಾಯೋ ಹಾಗಿಲ್ಲ, ಗೊತ್ತಾದ ದಿನವೇ ನಿಲ್ಲುತ್ತೆ. ಸಹಿ ಹಾಕೋ ಮೊದಲು ಆ ಖರ್ಚನ್ನೆಲ್ಲ ಕೂಡಿಸಿ, ಗಂಟೆಯ ದರ ಅಷ್ಟು ಏರಿಸಿ ಕೇಳಿ. ಇಲ್ಲಾ ಖರ್ಚು ಇಳಿಸೋಕೆ ವಾರಕ್ಕೆ ಎರಡೇ ದಿನ ಬರ್ತೀನಿ ಅನ್ನಿ.

ತೀರ್ಥಹಳ್ಳಿ, ಈಗ ಡಲ್ಲಾಸ್
ಎರಡೇ ದಿನ ಅಂತಲೇ ಕೇಳ್ತೇನೆ. ಈಗ ಏರ್‌ಪೋರ್ಟಲ್ಲಿದ್ದೇನೆ, ವಿಮಾನಕ್ಕೆ ಕರೀತಿದ್ದಾರೆ. ಇವತ್ತು ಗುರುವಾರ.